ಹುಣಸೆಹುಳಿಯಲ್ಲಿ ತೊಳೆದ ಪೆಟ್ಟಿಗೆಗಳು

ಓನರಮ್ಮನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಆ ಸೀಳಿನಲ್ಲಿ ಯಾವಾಗಲೂ ಮಣ್ಣು. ಅದೇ ಕೈಯಲ್ಲಿ ಹಸಿರು ಗಾಜಿನ ಬಳೆಗಳ ಜೊತೆ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ನಾಲ್ಕೈದು ರಬ್ಬರ್ ಬಳೆಗಳೂ ಇರುತ್ತಿದ್ದವು. ಎಲ್ಲಾದರೂ ಬಳ್ಳಿ ಜಾರಿದ್ದು ಕಂಡರೆ ಅದರಲ್ಲೊಂದನ್ನು ಬಿಚ್ಚಿ ಕಟ್ಟುವುದಕ್ಕೆ. ಮದುವೆ ಮನೆಗೆ ರೇಷ್ಮೆ ಸೀರೆ ಉಟ್ಟು ಹೊರಟಾಗಲೂ ಆ ರಬ್ಬರುಗಳು ಕೈಯಲ್ಲೇ ಉಳಿಯುತ್ತಿದ್ದವು. ತೆಗೆದಿಟ್ಟು ಹೋಗಿ ಎಂದು ನಾನೊಮ್ಮೆ ನೆನಪಿಸಿದೆ. "ಇರ್ಲಿ ಬುಡು ಮಿಸ್ಸು, ದಾರೀಲಿ ಏನ್ ಸಿಕ್ತದೋ ಯಾರ್ ಕಂಡವ್ರೆ" ಅಂದರು.

ಮಿಸ್ಸು ಎಂದರೆ ನಾನು. ಖಾಸಗಿ ಶಾಲೆಯೊಂದರಲ್ಲಿ ಎಂಟು, ಒಂಬತ್ತನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತೇನೆ. ನಾನು, ನನ್ನ ಗಂಡ, ಒಂದು ವರ್ಷದ ಮಗಳು ಪುಟ್ಟಿ ಮೇಟಗಳ್ಳಿಯ ಆ ಮನೆಯ ಕೆಳಗಿನ ಭಾಗಕ್ಕೆ ಬಾಡಿಗೆಗೆ ಬಂದೆವು. ಮೇಲಿನ ಮನೆಯಲ್ಲಿ ಮಾಲೀಕರು. ಊರಿನ ಎಲ್ಲ ಬಾಡಿಗೆದಾರರಂತೆ ನಾವೂ ಆಕೆಯನ್ನು ಓನರಮ್ಮ ಎಂದೆವು, ಕೊನೆಯವರೆಗೂ ಹಾಗೇ ಕರೆದೆವು. ಅವರ ಯಜಮಾನರು ಹತ್ತಿರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು, ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಒಬ್ಬಳೇ ಮಗಳು ಮದುವೆಯಾಗಿ ಸಿದ್ಧಾರ್ಥನಗರದಲ್ಲಿದ್ದಳು.

ಬಟ್ಟೆ ಒಣಹಾಕಲು ಮೊದಲ ಸಲ ತಾರಸಿ ಹತ್ತಿದಾಗ ನಾನು ದಂಗಾಗಿ ಬಾಗಿಲಲ್ಲೇ ನಿಂತುಬಿಟ್ಟೆ. ಎದುರಿಗೇ ಒಂದು ಬಿಳಿ ಕಮೋಡು. ಅದರೊಳಗಿಂದ ಎದೆಮಟ್ಟಕ್ಕೆ ಬೆಳೆದ ಕೆಂಪು ದಾಸವಾಳ. ಪಕ್ಕದಲ್ಲಿ ಉದ್ದಕ್ಕೆ ಸೀಳಿದ ಗೀಜರ್ ಟ್ಯಾಂಕಿನಲ್ಲಿ ಹುರುಳಿಕಾಯಿ, ಫ್ರಿಜ್ಜಿನ ತರಕಾರಿ ಟ್ರೇಯಲ್ಲಿ ದಂಟು, ಗೋಡೆಗೆ ನೇತುಹಾಕಿದ ಯಜಮಾನರ ಹಳೇ ಹೆಲ್ಮೆಟ್ಟಿನಲ್ಲಿ ದೊಡ್ಡಪತ್ರೆ. ಯಾವುದೋ ಚುನಾವಣೆಯ ಫ್ಲೆಕ್ಸನ್ನು ತಿರುಗಿಸಿ ಹಾಸಿ ಅದರ ಮೇಲೆ ಪುದೀನದ ಪಾತಿ ಮಾಡಿದ್ದರು. ಅಂಚಿನಲ್ಲಿ ಕೈಮುಗಿದ ಎರಡು ಕೈ ಮಾತ್ರ ಕಾಣುತ್ತಿತ್ತು. ನಾನು ಕಮೋಡನ್ನೇ ನೋಡುತ್ತಿದ್ದುದು ಕಂಡು ಓನರಮ್ಮ ಒಂದು ದಾಸವಾಳ ಕಿತ್ತು ನನ್ನ ಕೈಗಿಟ್ಟರು.

"ಇದ್ರ ಹೂವು ದೇವ್ರಿಗಿಲ್ಲ. ನೀ ಮುಡ್ಕೊ" ಅಂದರು.

ಅಂದು ನಾನು ಮುಡಿದುಕೊಳ್ಳಲಿಲ್ಲ. ಆರು ತಿಂಗಳಾದ ಮೇಲೆ ನಾನೇ ಕಿತ್ತು ಮುಡಿದುಕೊಂಡೆ.

ಅವರು ಗಿಡಕ್ಕಾಗಿ ಏನನ್ನೂ ಕೊಂಡವರಲ್ಲ. ದಾರಿಯಲ್ಲಿ ಬಿದ್ದದ್ದು, ಯಾರೋ ಎಸೆದದ್ದು, ಗುಜರಿಯವನಿಗೂ ಬೇಡವಾದದ್ದು, ಇಷ್ಟರಲ್ಲೇ ತೋಟ. ಆಯುಧಪೂಜೆಯ ಮರುದಿನ ಬೆಳಿಗ್ಗೆ ಅವರಿಗೆ ಸುಗ್ಗಿ. ಊರಿನ ಆಟೋ, ಲಾರಿ, ಕಾರ್ಖಾನೆ ಗೇಟುಗಳಿಗೆ ಕಟ್ಟಿದ ಬಾಳೆಕಂದುಗಳನ್ನೆಲ್ಲ ಕಿತ್ತು ರಸ್ತೆಬದಿಗೆ ಎಸೆದಿರುತ್ತಾರಲ್ಲ, ಅವನ್ನು ಯಜಮಾನರ ಸ್ಕೂಟರಿಗೆ ಹೇರಿಕೊಂಡು ಬಂದು ಕೊಚ್ಚಿ ಗೊಬ್ಬರಕ್ಕೆ ಹಾಕುತ್ತಿದ್ದರು. ಅದು ಸರಿ. ಆದರೆ ನಾವು ಬಂದ ವರ್ಷ ಅದೇ ದಿನ ಒಂದು ಬಕೆಟ್ಟಿನಲ್ಲಿ ಒಡೆದ ಬೂದುಗುಂಬಳದ ಹೋಳುಗಳನ್ನೂ ತಂದರು. ಒಳಗೆಲ್ಲ ಕುಂಕುಮ. ದೃಷ್ಟಿ ತೆಗೆದು ನಡುರಸ್ತೆಯಲ್ಲಿ ಒಡೆದ ಕಾಯಿಗಳು. ಅದನ್ನು ದಾಟುವುದಕ್ಕೂ ಹೆದರಿ ನಮ್ಮಮ್ಮ ನಮ್ಮನ್ನು ಸುತ್ತುಹಾಕಿಸಿ ಕರೆದೊಯ್ಯುತ್ತಿದ್ದರು. ಈಕೆ ಕುಂಕುಮ ತೊಳೆದು ಬೀಜ ಬಿಡಿಸುತ್ತ ಕೂತಿದ್ದರು.

"ಓನರಮ್ಮ, ಅದನ್ನ ಮುಟ್ಟಬಾರದು" ಅಂದೆ, ವಿಜ್ಞಾನದ ಟೀಚರು ನಾನು.

"ದೃಷ್ಟಿ ಬೀದೀಲೇ ಒಡ್ದೋಯ್ತು ಕಣವ್ವ. ಬೀಜ ಏನ್ ಪಾಪ ಮಾಡದೆ?"

ಆ ಬಳ್ಳಿಯ ಕಾಯಿಯ ಮಜ್ಜಿಗೆಹುಳಿಯನ್ನು ಬೀದಿಯವರೆಲ್ಲ ಉಂಡರು. ಬೀಜ ಎಲ್ಲಿಂದ ಬಂತೆಂದು ನಾನು ಯಾರಿಗೂ ಹೇಳಲಿಲ್ಲ.

ಇನ್ನೊಂದು ಮಾತು ಹೇಳಬೇಕು, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಆ ಮನೆಯಲ್ಲಿ ಒಂದು ಚೊಂಬು ನೀರೂ ಮೋರಿಗೆ ಹೋಗುತ್ತಿರಲಿಲ್ಲ. ಅಕ್ಕಿ ತೊಳೆದದ್ದು, ಬೇಳೆ ತೊಳೆದದ್ದು, ಮೀನು ತೊಳೆದದ್ದು, ಪಾತ್ರೆಯ ಕೊನೇ ನೀರು, ಎಲ್ಲ ಬಕೆಟ್ಟಿಗೆ, ಸಂಜೆ ಗಿಡಕ್ಕೆ. ನೋಡಿ ನೋಡಿ ನಾನೂ ಸಿಂಕಿನ ಕೆಳಗೆ ಒಂದು ಬಕೆಟ್ ಇಟ್ಟೆ. ಸಂಜೆ ಅದನ್ನು ಹೊತ್ತು ಮೇಲೆ ಹೋದರೆ ಓನರಮ್ಮನ ಮುಖ ಅರಳುತ್ತಿತ್ತು. ಬೆಳಿಗ್ಗೆ ಏಳಕ್ಕೆ ಅವರು ಮಂಕರಿಯಲ್ಲಿ ಸೊಪ್ಪು ತುಂಬಿಕೊಂಡು ಬೀದಿಗೆ ಇಳಿಯುತ್ತಿದ್ದರು. ಒಂದು ದಿನ ಈ ನಾಲ್ಕು ಮನೆ, ಮರುದಿನ ಆ ನಾಲ್ಕು ಮನೆ. ವಾರಕ್ಕೊಮ್ಮೆ ಸಿಟಿ ಬಸ್ಸಿನಲ್ಲಿ ಮಗಳ ಮನೆಗೆ ಒಂದು ಚೀಲ.

ಪುಟ್ಟಿಗೆ ಮೂರು ವರ್ಷ ತುಂಬುವ ಹೊತ್ತಿಗೆ ಯಜಮಾನರು ಒಂದು ಗುಜರಿ ಅಂಗಡಿಯ ಹಿತ್ತಲಿನಿಂದ ಹನ್ನೆರಡು ಕಪ್ಪು ಪೆಟ್ಟಿಗೆಗಳನ್ನು ತಂದರು. ಲಾರಿಯ ಹಳೇ ಬ್ಯಾಟರಿಗಳು. ಒಳಗಿನ ತಗಡುಗಳನ್ನೆಲ್ಲ ಯಾರೋ ಕಿತ್ತು ಮಾರಿಕೊಂಡು ಖಾಲಿ ಪೆಟ್ಟಿಗೆಯನ್ನು ಎಸೆದಿದ್ದರು. ಗಟ್ಟಿಮುಟ್ಟಾದ ಪೆಟ್ಟಿಗೆ, ಒಂದೊಂದರಲ್ಲೂ ಆರಾರು ಖಾನೆ. ಓನರಮ್ಮನ ಸಂತೋಷ ಹೇಳತೀರದು. "ನೋಡು ಮಿಸ್ಸು, ಒಂದೊಂದ್ ಖಾನೆಗೆ ಒಂದೊಂದ್ ಸೊಪ್ಪು. ನಂಗೋಸ್ಕರವೇ ಮಾಡ್ದಂಗವೆ" ಎಂದು ಖಾನೆಗಳೊಳಗೆ ಕೈಹಾಕಿ ಸವರಿದರು.

ಭಾನುವಾರ ತಾರಸಿಯ ಮೇಲೆ ತೊಳೆಯಲು ಕೂತರು. ಬಾಣಲೆಯಲ್ಲಿ ಹುಣಸೆಹಣ್ಣು ನೆನೆಹಾಕಿ, ತೆಂಗಿನ ನಾರಿನಿಂದ ಒಂದೊಂದು ಖಾನೆಯನ್ನೂ ಉಜ್ಜಿದರು. ಶುಕ್ರವಾರದ ಹಿತ್ತಾಳೆ ದೀಪಗಳನ್ನು ಅವರು ಉಜ್ಜುತ್ತಿದ್ದುದು ಹೀಗೆಯೇ. ಹುಣಸೆಹುಳಿಗೆ ಹೋಗದ ಕೊಳೆ ಇಲ್ಲವೆಂದು ಅವರು ನಂಬಿದ್ದರು. ಬೂದುಬಣ್ಣದ ನೀರು ಬಂತು, ಮತ್ತೆ ಉಜ್ಜಿದರು, ತಿಳಿಯಾಯಿತು, ಮೂರನೇ ಸಲವೂ ಉಜ್ಜಿದರು. ನಾನು ಅಲ್ಲೇ ಬಟ್ಟೆ ಹರವುತ್ತಿದ್ದೆ. ಎರಡು ಬಕೆಟ್ ತುಂಬಿದ ಆ ನೀರೂ ಮೋರಿಗೆ ಹೋಗಲಿಲ್ಲ, ಅಲ್ಲಿದ್ದ ಗಿಡಗಳಿಗೆಲ್ಲ ಹೋಯಿತು.

ಪೆಟ್ಟಿಗೆಗಳಲ್ಲಿ ಕೊತ್ತಂಬರಿ, ಮೆಂತ್ಯ, ಪಾಲಕ್, ಸಬ್ಬಸಿಗೆ ಎದ್ದವು. ಒಂದು ಪೆಟ್ಟಿಗೆಯನ್ನು ಪುಟ್ಟಿಗೇ ಬಿಟ್ಟುಕೊಟ್ಟರು. ಅವಳು ಶಾಲೆ ಆಟವಾಡುವ ಬದಲು ತೋಟ ಆಟವಾಡಿದಳು. ನಾನು ಕೆಲಸಕ್ಕೆ ಹೋದಾಗ ಮಧ್ಯಾಹ್ನವೆಲ್ಲ ಅವಳು ಓನರಮ್ಮನ ಜೊತೆಯಲ್ಲೇ. ಮಣ್ಣು ಕೆದಕುವುದು, ಅದೇ ಕೈಯಲ್ಲಿ ಕೊತ್ತಂಬರಿ ಚಿಗುರು ಚಿವುಟಿ ಬಾಯಿಗೆ ಹಾಕಿಕೊಳ್ಳುವುದು. "ಮೇಕೆಮರಿ ಕಣೆ ನೀನು" ಎಂದು ಓನರಮ್ಮ ನಗುತ್ತಿದ್ದರು. ಸೊಪ್ಪು ಅಂದರೆ ಮುಖ ತಿರುಗಿಸುವ ಮಕ್ಕಳ ನಡುವೆ ನನ್ನ ಮಗಳು ಹೀಗಿದ್ದಾಳಲ್ಲ ಎಂದು ನಾನು ಸ್ಟಾಫ್ ರೂಮಿನಲ್ಲಿ ಹೆಮ್ಮೆಯಿಂದ ಹೇಳಿಕೊಂಡೆ.

ಆರೇಳು ತಿಂಗಳಲ್ಲಿ ಪುಟ್ಟಿ ಬಿಳಿಚಿಕೊಂಡಳು. ಹೊಟ್ಟೆನೋವು ಅನ್ನುವಳು, ಊಟ ತಳ್ಳುವಳು, ಸುಮ್ಮಸುಮ್ಮನೆ ಕಿರುಚಿ ಅಳುವಳು. ಜಂತುಹುಳದ ಔಷಧಿ ಆಯಿತು, ರಕ್ತ ಹೆಚ್ಚಲು ಟಾನಿಕ್ ಆಯಿತು. ರಕ್ತ ಆಗಲಿ ಎಂದು ಓನರಮ್ಮ ದಿನವೂ ಪಾಲಕ್ ಬೇಯಿಸಿ, ಬೆಣ್ಣೆ ಹಾಕಿ ಕಲಸಿ ತಂದು ಕೊಡುತ್ತಿದ್ದರು. ಅದನ್ನೊಂದನ್ನು ಪುಟ್ಟಿ ತಿನ್ನುತ್ತಿದ್ದಳು. 

ಹೀಗಿರುವಾಗ ಒಂದೇ ವಾರದಲ್ಲಿ ಪುಟ್ಟಿ, ಚೆನ್ನಾಗಿ ಬರುತ್ತಿದ್ದ ಮಾತುಗಳನ್ನೇ ತಡವರಿಸತೊಡಗಿದಳು. ನಾವು ಬೇರೆ ಮಕ್ಕಳ ಡಾಕ್ಟರ ಬಳಿ ಹೋದೆವು. ಆಕೆ ತುಂಬ ಪ್ರಶ್ನೆ ಕೇಳಿದರು, ಹೆಚ್ಚಿಗೆ ಒಂದು ರಕ್ತಪರೀಕ್ಷೆ ಬರೆದರು. ವರದಿ ಬಂದ ದಿನ ಅದನ್ನು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು.

"ಮಗುವಿನ ರಕ್ತದಲ್ಲಿ ಸೀಸ ಇದೆ. ಜಾಸ್ತಿನೇ ಇದೆ. ಮನೇಲಿ ಹಳೇ ಪೇಂಟು ಉದುರ್ತಿದೆಯಾ? ಯಾರಾದ್ರೂ ಬ್ಯಾಟರಿ ಕೆಲಸ ಮಾಡ್ತಾರಾ?"

ನನ್ನ ಗಂಡ "ಇಲ್ಲ ಮೇಡಂ" ಅಂದರು. ನನಗೆ ತಾರಸಿ ನೆನಪಾಯಿತು. ಆ ಕಪ್ಪು ಪೆಟ್ಟಿಗೆಗಳು, ಆರು ಖಾನೆ, ಖಾನೆಗೊಂದು ಸೊಪ್ಪು, ನಡುವೆ ಕೂತ ನನ್ನ ಮಗಳು. ಪ್ರತಿದಿನ ನೋಡಿದ್ದೆ. ಆಮ್ಲಗಳು ಲೋಹವನ್ನು ಕರಗಿಸುತ್ತವೆ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದಿದ್ದೆ. ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಪುಟ್ಟಿಯನ್ನು ಆಸ್ಪತ್ರೆಯಲ್ಲೇ ಉಳಿಸಿಕೊಂಡರು. ಗಂಡನನ್ನು ಅವಳ ಜೊತೆ ಬಿಟ್ಟು ನಾನು ಆಟೋ ಹಿಡಿದು ಮನೆಗೆ ಬಂದೆ, ಚಪ್ಪಲಿ ಬಿಡದೆ ತಾರಸಿ ಹತ್ತಿದೆ. ಓನರಮ್ಮ ಪುಟ್ಟಿಯ ಪೆಟ್ಟಿಗೆಯಿಂದಲೇ ಪಾಲಕ್ ಕೊಯ್ಯುತ್ತಿದ್ದರು. ಸೊಪ್ಪನ್ನು ಅವರ ಕೈಯಿಂದ ಕಿತ್ತು ಎಸೆದೆ.

"ಇದರಲ್ಲಿ ವಿಷ ಇದೆ. ಈ ಬ್ಯಾಟರಿ ಡಬ್ಬದಲ್ಲಿ. ನನ್ನ ಮಗಳ ರಕ್ತದಲ್ಲೆಲ್ಲ ಸೇರಿದೆ. ನೀವು ತಿನ್ನಿಸಿದ್ದು."

ಅವರು ಎದ್ದು ನಿಂತರು. "ನಾ ತೊಳ್ದಿದ್ನಲ್ಲವ್ವ, ಹುಣಸೆಹಣ್ಣಾಕಿ" ಅಂದರು.

"ಹುಣಸೆಹಣ್ಣು ಹಾಕಿದ್ದಕ್ಕೇ ಇನ್ನೂ ಜಾಸ್ತಿ ಬಿಟ್ಟುಕೊಂಡಿದೆ. ಆ ನೀರೂ ಗಿಡಕ್ಕೆ ಹೋಗಿದೆ. ಇಡೀ ತೋಟಕ್ಕೆ. ಅಷ್ಟೂ ತಿಳಿಯಲ್ವಾ ನಿಮಗೆ?"

ಓನರಮ್ಮ ನನ್ನ ಮುಖವನ್ನು ನೋಡಿದರು. ಏನೋ ಹೇಳಲು ಬಾಯಿ ತೆರೆದರು, ಮತ್ತೆ ಮುಚ್ಚಿದರು. ಆಮೇಲೆ ಒಂದೇ ಮಾತು ಕೇಳಿದರು.

"ಪುಟ್ಟಿ ಉಳ್ಕತಾಳಾ?"

ನನಗೆ ಗೊತ್ತಿಲ್ಲ ಎಂದು ಹೇಳಿ ಕೆಳಗಿಳಿದೆ.

ಪುಟ್ಟಿ ಉಳಿದಳು. ಔಷಧಿ ಕೊಟ್ಟು ಸೀಸವನ್ನು ಮೈಯಿಂದ ಹೊರಹಾಕಿಸಬೇಕಾಯಿತು, ತಿಂಗಳುಗಟ್ಟಲೆ ಓಡಾಡಬೇಕಾಯಿತು. ಆದರೆ ಆ ಮೊದಲ ವಾರ ನಮಗೆ ಏನೂ ಖಚಿತವಿರಲಿಲ್ಲ. ನಾನು ಆಸ್ಪತ್ರೆಯಿಂದ ಸ್ನಾನಕ್ಕೆಂದು ಮನೆಗೆ ಬಂದಿದ್ದ ಒಂದು ಬೆಳಿಗ್ಗೆ ಮೇಲಿನ ಮನೆಯಲ್ಲಿ ಯಜಮಾನರ ದನಿ ಕೇಳಿತು. ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಗಿಡ ಕಿತ್ತಾಕುದ್ವಿ, ಆಯ್ತು. ಬಾಯ್ಮುಚ್ಕೊಂಡಿರು. ಬೀದಿ ಜನ ಸುಮ್ನೆ ಬುಟ್ಟಾರಾ? ಬೇಕಿದ್ರೆ ವಾಟ್ಸಾಪ್ ಗ್ರೂಪ್ನಲ್ಲಿ ಸೊಪ್ಪು ತಿನ್ಬೇಡಿ ಅಂತ ಹಾಕ್ಸನ."

"ಸೊಪ್ಪ ಏನ್ ವಾಟ್ಸಾಪ್ನಲ್ಲಿ ಕೊಟ್ಟಿದ್ನಾ? ಮನ್ಮನೆಗೋಗಿ ಕೊಟ್ಟಿವ್ನಿ. ಮನ್ಮನೆಗೋಗೇ ಹೇಳ್ಬೇಕು."

ಏಳು ಗಂಟೆಗೆ ಅವರು ಬೀದಿಗೆ ಇಳಿದರು. ದಿನವೂ ಇಳಿಯುತ್ತಿದ್ದ ಹೊತ್ತಿಗೆ, ಸೊಂಟದಲ್ಲಿ ಅದೇ ಮಂಕರಿ, ಖಾಲಿ. ಖಾಲಿ ಮಂಕರಿ ಯಾಕೆ ಹೊತ್ತರೋ ನನಗೆ ಇವತ್ತಿಗೂ ತಿಳಿಯದು. ಸೊಪ್ಪು ಕೊಡುತ್ತಿದ್ದ ಸರದಿಯಲ್ಲೇ ಒಂದೊಂದು ಮನೆಯ ಬಾಗಿಲು ತಟ್ಟಿದರು. ನಮ್ಮ ಕಿಟಕಿಗೆ ಎದುರುಮನೆಯ ಮಾತು ಸ್ಪಷ್ಟವಾಗಿ ಕೇಳಿತು.

"ನಾ ಕೊಟ್ಟ ಸೊಪ್ಪಲ್ಲಿ ವಿಷ ಇತ್ತು ಕಣವ್ವ. ಬ್ಯಾಟ್ರಿ ಡಬ್ಬ ನಾನೇ ತೊಳ್ದೆ, ಆ ನೀರ್ನ ನಾನೇ ಗಿಡಕ್ಕಾಕ್ದೆ. ಮಿಸ್ಸು ಮಗಿಗೆ ಆಗದೆ. ನಿಮ್ಮ ಮಕ್ಳ ರಕ್ತ ಪರೀಕ್ಷೆ ಮಾಡ್ಸಿ. ಡಾಕ್ಟ್ರ ಹೆಸ್ರು ಈ ಚೀಟೀಲದೆ."

ಎದುರುಮನೆಯಾಕೆ ಬಾಗಿಲು ಹಾಕಿಕೊಂಡಳು. ಇನ್ನೊಂದು ಮನೆಯಲ್ಲಿ ನಕ್ಕರು, ನಾವು ಚೆನ್ನಾಗೇ ಇದೀವಲ್ಲ ಅಂದರು. ಮೂಲೆಮನೆಯವಳು, ಅವರೇ ಕೊಟ್ಟಿದ್ದ ಒಂದು ಬಟ್ಟಲನ್ನು ಅಂಗಳಕ್ಕೆ ಎಸೆದಳಂತೆ. ಅದನ್ನು ಎತ್ತಿ ಮಂಕರಿಗೆ ಹಾಕಿಕೊಂಡು ಮುಂದಿನ ಮನೆಗೆ ಹೋದರಂತೆ. ನಾಲ್ಕು ದಿನ ಹೀಗೆ ತಿರುಗಿದರು. ಐದನೇ ದಿನ ಬಸ್ಸು ಹತ್ತಿ ಸಿದ್ಧಾರ್ಥನಗರಕ್ಕೆ ಹೋಗಿ ಬೀಗರ ಮುಂದೆ ನಿಂತು ಅದನ್ನೇ ಹೇಳಿದರು. ಬೀಗಿತ್ತಿ ಅವರನ್ನು ಕೂತುಕೊಳ್ಳಿ ಎನ್ನಲಿಲ್ಲವೆಂದು ಮಗಳು ಆಮೇಲೆ ನನ್ನ ಹತ್ತಿರ ಅತ್ತಳು.

ನಕ್ಕ ಮನೆಯವರೂ ಒಳಗೊಳಗೆ ಹೆದರಿ ಪರೀಕ್ಷೆ ಮಾಡಿಸಿದರು. ಹೆಚ್ಚಿನವರಿಗೆ ಏನೂ ಇರಲಿಲ್ಲ. ಟೈಲರ್ ಮನೆಯ ಎರಡು ವರ್ಷದ ಮಗುವಿನಲ್ಲಿ ಮಾತ್ರ ಸೀಸ ಸಿಕ್ಕಿತು. ಆ ಮಗು ಇನ್ನೂ ಹೊಟ್ಟೆನೋವು ಅನ್ನುವಷ್ಟೂ ದೊಡ್ಡದಾಗಿರಲಿಲ್ಲ. ಇನ್ನು ನಾಲ್ಕು ತಿಂಗಳು ಗೊತ್ತಾಗದೇ ಹೋಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಅಂದರಂತೆ. ಟೈಲರ್ ಹೆಂಡತಿ ಓನರಮ್ಮನನ್ನು ಬೈದಳೋ, ಕೈಮುಗಿದಳೋ ನನಗೆ ಗೊತ್ತಿಲ್ಲ. ಎರಡೂ ಮಾಡಿರಬಹುದು.

ಕಿತ್ತ ಗಿಡ, ಮಣ್ಣು, ಪೆಟ್ಟಿಗೆ ಎಲ್ಲವನ್ನೂ ಅವರು ಮಣ್ಣು ಒದ್ದೆಮಾಡಿ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಸಿಮೆಂಟ್ ಚೀಲಗಳಿಗೆ ತುಂಬಿದ್ದರು. ಹಾಗೆ ಮಾಡಲು ಡಾಕ್ಟರೇ ಹೇಳಿದ್ದರು, ಎಲ್ಲೆಂದರಲ್ಲಿ ಸುರಿಯಬೇಡಿ ಎಂದೂ ಹೇಳಿದ್ದರು. ಯಾರೂ ಅದನ್ನು ಒಯ್ಯಲು ಒಪ್ಪಲಿಲ್ಲ. ಗುಜರಿಯವನು ಬಂದು ಪೆಟ್ಟಿಗೆ ಮಾತ್ರ ಕೊಡಿ ಅಂದ. ಓನರಮ್ಮ ಅವನನ್ನು ಗೇಟಿನಿಂದಲೇ ಓಡಿಸಿದರು. "ನನ್ನಂತೋಳು ಇನ್ನೊಬ್ಳು ಎತ್ಕೊಂಡೋಗಿ ಸೊಪ್ಪಾಕ್ತಾಳೆ" ಅಂದರು. ಚೀಲಗಳ ಮೇಲೆ ಕೆಂಪು ಪೇಂಟಿನಲ್ಲಿ ವಿಷ ಎಂದು ಸೊಟ್ಟ ಅಕ್ಷರದಲ್ಲಿ ಬರೆದು, ಟಾರ್ಪಾಲು ಮುಚ್ಚಿ, ಎರಡು ತಿಂಗಳು ಕಾದರು. ಸಂಬಂಧಪಟ್ಟ ಕಚೇರಿಗೆ ಯಜಮಾನರನ್ನು ಆರೇಳು ಸಲ ಅಟ್ಟಿದ ಮೇಲೆ ಒಂದು ಲಾರಿ ಬಂತು. ಕಮೋಡೂ ಹೋಯಿತು, ಹೆಲ್ಮೆಟ್ಟೂ ಹೋಯಿತು. ಒಂದು ಚೊಂಬು ನೀರು ಚೆಲ್ಲದ ಹೆಂಗಸು ಇಡೀ ತೋಟವನ್ನು ಎಸೆದು, ತಾರಸಿಯ ಮೆಟ್ಟಿಲ ಮೇಲೆ ಸುಮ್ಮನೆ ಕೂತಿದ್ದರು.

ನಾನು ಅವರೊಂದಿಗೆ ಒಂದು ವರ್ಷ ನೆಟ್ಟಗೆ ಮಾತಾಡಲಿಲ್ಲ. ಪುಟ್ಟಿಯನ್ನು ಮೇಲೆ ಕಳಿಸಲಿಲ್ಲ. ಅವರೂ ಕರೆಯಲಿಲ್ಲ. ಅವಳು ಶಾಲೆಗೆ ಹೊರಟಾಗ ಮಹಡಿಯ ಕಂಬಿ ಹಿಡಿದು ನೋಡುವರು, ನಾನು ತಲೆ ಎತ್ತಿದರೆ ಒಳಗೆ ಸರಿದುಬಿಡುವರು. ಬೇರೆ ಮನೆ ನೋಡೋಣ ಎಂದು ನನ್ನ ಗಂಡ ಹೇಳಿದಾಗ ಮಾತ್ರ ನಾನು ಬೇಡವೆಂದೆ. ಯಾಕೆ ಎಂದು ಕೇಳಿದರು, ನಾನು ಹೇಳಲಿಲ್ಲ.

ಅವರ ಕೈಯಲ್ಲಿ ಆ ರಬ್ಬರ್ ಬಳೆಗಳು ಮಾತ್ರ ಹಾಗೇ ಇದ್ದವು, ಕಟ್ಟಲು ಬಳ್ಳಿ ಇಲ್ಲದಿದ್ದರೂ. ಕಳೆದ ಬೇಸಿಗೆಯಲ್ಲಿ ಬಚ್ಚಲಿನಲ್ಲಿ ಕುಸಿದುಬಿದ್ದರು. ಮೆದುಳಿನಲ್ಲಿ ರಕ್ತಸ್ರಾವ ಅಂದರು. ಎರಡು ದಿನ ಮಾತಿಲ್ಲದೆ ಮಲಗಿದ್ದು ಹೋದರು. ಸೀಸಕ್ಕೂ ಇದಕ್ಕೂ ಸಂಬಂಧವಿಲ್ಲ, ಬಿಪಿ ಇತ್ತು ಎಂದು ಡಾಕ್ಟರು ಹೇಳಿದರು. ನಾನು ನಂಬಲು ಪ್ರಯತ್ನಿಸುತ್ತಿದ್ದೇನೆ.

ಹನ್ನೊಂದನೇ ದಿನದ ತಿಥಿ ಊಟ ಅದೇ ತಾರಸಿಯ ಮೇಲೆ, ಶಾಮಿಯಾನದ ಕೆಳಗೆ. ಬೀದಿಯವರೆಲ್ಲ ಬಂದಿದ್ದರು, ಬಟ್ಟಲು ಎಸೆದ ಮೂಲೆಮನೆಯವಳೂ ಬಂದಿದ್ದಳು. ಎಲೆಯ ಮುಂದೆ ಕೂತು ಆಕೆಯೇ ಅಂದಳು, "ಪಾಪ, ಓದ್ದೋಳಲ್ಲ. ಯಾರ್ನಾರಾ ತಿಳ್ದೋರ್ನ ಒಂದ್ ಮಾತ್ ಕೇಳಿದ್ರೆ ಇಂಗಾಗ್ತಿತ್ತಾ?"

ನಾನು ಎತ್ತಿದ ತುತ್ತನ್ನು ಎಲೆಗೇ ಇಟ್ಟೆ.

ಕೇಳಿದ್ದರು. ಆ ಭಾನುವಾರ ಬೂದುಬಣ್ಣದ ನೀರಿನ ಬಕೆಟ್ಟುಗಳ ಮುಂದೆ ಕೂತು, ನನ್ನ ಕಡೆ ತಿರುಗಿ ಕೇಳಿದ್ದರು. "ಮಿಸ್ಸು, ನೀ ಓದ್ದೋಳು. ಈ ನೀರು ಗಿಡಕ್ ಆಯ್ತದಾ?" ನಾನು ಬಾಯಲ್ಲಿ ಬಟ್ಟೆ ಕ್ಲಿಪ್ ಕಚ್ಚಿಕೊಂಡಿದ್ದೆ. ಅದನ್ನು ತೆಗೆದು, ನೋಡದೆ, "ಹುಣಸೆಹುಳಿ ತಾನೆ, ಹಾಕಿ, ಗಿಡಕ್ಕೆ ಒಳ್ಳೇದು" ಅಂದೆ. ಅವರ ಸೊಂಟ ಹಿಡಿದುಕೊಂಡಿತ್ತು. ಒಂದು ಬಕೆಟ್ಟನ್ನು ನಾನೇ ಎತ್ತಿ ಆಗಲೇ ಇದ್ದ ಪಾಲಕ್ ಪಾತಿಗೆ ಸುರಿದೆ. ಅವರ ಮುಂದೆ ನಿಂತು ಕಿರುಚಿದ ದಿನ, ಆ ನೀರಿನ ಮಾತು ನನ್ನ ಬಾಯಿಂದ ಬಂದ ಕ್ಷಣವೇ ನನಗಿದು ನೆನಪಾಗಿತ್ತು. ಅವರಿಗೂ ನೆನಪಾಗಿತ್ತು. ಅವರು ಬಾಯಿ ತೆರೆದು ಮುಚ್ಚಿದ್ದು ಅದಕ್ಕೇ. ಆಮೇಲೆ ಅಷ್ಟೂ ಮನೆಗಳ ಬಾಗಿಲಲ್ಲಿ ನಿಂತು ನಾನೇ ಹಾಕಿದೆ, ನಾನೇ ಹಾಕಿದೆ ಅಂದರು, ಕಿಟಕಿಯ ಹಿಂದೆ ನಿಂತು ನಾನು ಕೇಳಿಸಿಕೊಂಡೆ.

ಎಲೆ ಬಿಟ್ಟು ಎದ್ದುನಿಂತೆ. "ಕೇಳಿದ್ರು. ನನ್ನನ್ನೇ ಕೇಳಿದ್ರು. ಹಾಕಿ ಅಂದೋಳು ನಾನು. ಒಂದು ಬಕೆಟ್ ಸುರಿದೋಳೂ ನಾನೇ" ಅಂದೆ. ನನ್ನ ಗಂಡ ನನ್ನನ್ನು ನೋಡಿದ ರೀತಿಯನ್ನು ನಾನು ಇಲ್ಲಿ ಬರೆಯಲಾರೆ.

ಸಾರಿನ ಬಕೆಟ್ ಹಿಡಿದು ನಿಂತಿದ್ದ ಯಜಮಾನರು ಹತ್ತಿರ ಬಂದರು. "ಗೊತ್ತು ಕೂತ್ಕೊಳವ್ವ" ಅಂದರು. "ಅವತ್ತೇ ನಂಗೇಳಿದ್ಲು. ಮಿಸ್ಸು ಮಗೀನೂ ನೋಡ್ಕೋಬೇಕು, ನಾಳೆ ಹೋಗಿ ಮಕ್ಳ ಮುಂದೆ ನಿಂತ್ಕೊಂಡು ಪಾಠಾನೂ ಹೇಳ್ಬೇಕು. ಇದೊಂದ ನಾವ್ ಹೊತ್ಕಳನ ಅಂದ್ಲು."

ಈ ವರ್ಷ ಆಮ್ಲ ಮತ್ತು ಲೋಹದ ಪಾಠ ಬಂದಾಗ ನಾನು ಪುಸ್ತಕ ಮುಚ್ಚಿಟ್ಟೆ. ಓನರಮ್ಮ ಕೇಳಿದ ಪ್ರಶ್ನೆಯನ್ನು ಅವರು ಕೇಳಿದ ಹಾಗೆಯೇ ಬೋರ್ಡಿನ ಮೇಲೆ ಬರೆದೆ. ಅದರ ಕೆಳಗೆ ನಾನು ಕೊಟ್ಟ ಉತ್ತರವನ್ನೂ ಬರೆದೆ.